ಬಸ್ಕಿಯನ್ನು ಆಟ ಮಾಡುವುದು ಹೇಗೆ?

ಹೋಂವರ್ಕ್ ಮಾಡದವರಿಗೆ ಬಸ್ಕಿ. ತಡವಾಗಿ ಬಂದವರಿಗೆ ಗ್ರೌಂಡಿನ ಸುತ್ತ ಓಟ. ಜಾಸ್ತಿ ಗಲಾಟೆ ಮಾಡಿದವರಿಗೆ ಮುರ್ಗಾ, ಅಂದರೆ ಕೋಳಿಯಂತೆ ಬಗ್ಗಿ ಕಿವಿ ಹಿಡಿದುಕೊಳ್ಳುವುದು. ಕಲಬುರಗಿಯ ಕಡೆ ಶಾಲೆ ಕಲಿತವರಲ್ಲಿ ಹೆಚ್ಚಿನವರಿಗೆ ಇವುಗಳಲ್ಲಿ ಒಂದಾದರೂ ನೆನಪಿರುತ್ತದೆ. ಮೈ ದಣಿಸುವುದೆಂದರೆ ಶಿಕ್ಷೆ ಎಂದು ಅಷ್ಟು ವರ್ಷ ಕಲಿಸಿದ್ದೇವೆ. ಆಮೇಲೆ ನಲವತ್ತು ದಾಟಿದಾಗ ಡಾಕ್ಟರು ‘ಸ್ವಲ್ಪ ವ್ಯಾಯಾಮ ಮಾಡ್ರಿ’ ಅಂದರೆ ಮುಖ ಬಾಡದೆ ಇರುತ್ತದಾ?

ಅದೇ ಊರಿನ ಹಳೇ ಗರಡಿ ಮನೆಗೆ ಹೋದರೆ ನೋಟ ಬೇರೆ. ಅಲ್ಲಿ ಹುಡುಗರು ಬೈಠಕ್ ಹೊಡೆಯುತ್ತಿರುತ್ತಾರೆ. ಕೂರುವುದು, ಏಳುವುದು. ತೊಡೆಗೆ, ಮೊಣಕಾಲಿಗೆ, ಸೊಂಟಕ್ಕೆ ಹೆಚ್ಚೂಕಡಿಮೆ ಬಸ್ಕಿಯಷ್ಟೇ ಕೆಲಸ. ಆದರೆ ಯಾರೂ ಅಳುಮೋರೆ ಹಾಕಿಕೊಂಡಿರುವುದಿಲ್ಲ. ಪಕ್ಕದವನಿಗಿಂತ ಹತ್ತು ಹೆಚ್ಚು ಹೊಡೆಯಬೇಕು ಅನ್ನುವ ಹಟ ಇರುತ್ತದೆ. ಮುಂದಿನ ಜಾತ್ರೆಯ ಕುಸ್ತಿ ಕಣ್ಣ ಮುಂದೆ ಇರುತ್ತದೆ. ಉಸ್ತಾದರು ಒಮ್ಮೆ ಶಾಬಾಸ್ ಅಂದರೆ ಆ ದಿನ ಸಾರ್ಥಕ.

ಮೈ ಮಾಡಿದ್ದು ಒಂದೇ ಕೆಲಸ, ಮನಸ್ಸಿಗೆ ಅನ್ನಿಸಿದ್ದು ಮಾತ್ರ ಎರಡು ಥರ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಜಿಮ್ಮಿನ ಫೀಸು ಕಟ್ಟದೆಯೂ ವ್ಯಾಯಾಮ ಮಾಡಬಹುದು, ಅದೂ ಖುಷಿಯಿಂದ. ಜಿಮ್ಮಿನ ಮೇಲೆ ನನಗೇನೂ ಸಿಟ್ಟಿಲ್ಲ. ಹೋಗುವವರು ಹೋಗಲಿ. ಆದರೆ ಜಿಮ್ಮಿಗೆ ದುಡ್ಡು ಕಟ್ಟಿ ಎರಡನೇ ತಿಂಗಳಿಗೆ ಬಿಟ್ಟವರು ಎಲ್ಲ ಬೀದಿಯಲ್ಲೂ ಇದ್ದಾರೆ. ಅವರನ್ನು ಸೋಮಾರಿಗಳು ಅಂದುಬಿಡುವುದು ಸುಲಭ. ನನ್ನ ಪ್ರಕಾರ ಅವರಿಗೆ ಅಲ್ಲಿ ಮಜಾ ಬರಲಿಲ್ಲ, ಅಷ್ಟೇ.

ಮೊದಲು ಲೆಕ್ಕ ಮುಗಿಸೋಣ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ದಣಿವಿನ ಚಟುವಟಿಕೆ ಮಾಡಬೇಕು. ಜೋರಾದ ಚಟುವಟಿಕೆಯಾದರೆ 75ರಿಂದ 150 ನಿಮಿಷ ಸಾಕು. ಇದರ ಜೊತೆ ವಾರದಲ್ಲಿ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. 65 ದಾಟಿದವರು ವಾರಕ್ಕೆ 3 ದಿನ ತೋಲ ತಪ್ಪದೆ ನಿಲ್ಲುವ ಅಭ್ಯಾಸವನ್ನೂ ಮಾಡಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ.

ಇದರಲ್ಲಿ ಹೆಚ್ಚು ಜನ ಗಮನಿಸದ ಒಂದು ಬದಲಾವಣೆ ಇದೆ. 2010ರ ಸಲಹೆಯಲ್ಲಿ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂದಿತ್ತು. 2020ರಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಅಂದರೆ ಮಗನ ಜೊತೆ ಅಂಗಳದಲ್ಲಿ ಮುಟ್ಟಾಟ ಆಡಿದ ಐದು ನಿಮಿಷವೂ ಲೆಕ್ಕಕ್ಕೆ ಸಿಗುತ್ತದೆ. ಟ್ರ್ಯಾಕ್ ಸೂಟ್ ಹಾಕಿಕೊಂಡು ‘ಈಗ ಶುರು’ ಅನ್ನುವ ಅಗತ್ಯವೇ ಇಲ್ಲ.

‘ಆಟ ಅಂದ್ರೆ ಮಕ್ಕಳದು, ಅದರಿಂದ ಮೈ ದಣಿಯುತ್ತಾ?’ ಎಂದು ಕೇಳುವವರಿಗೂ ಉತ್ತರ ಇದೆ. ಸುಮ್ನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು 1 ಎಂದು ಇಟ್ಟುಕೊಂಡು, ಬೇರೆ ಬೇರೆ ಕೆಲಸಕ್ಕೆ ಅದರ ಎಷ್ಟು ಪಟ್ಟು ಬೇಕು ಎಂದು ಅಳೆಯುತ್ತಾರೆ. ಈ ಅಳತೆಗೆ ಮೆಟ್ ಎಂದು ಹೆಸರು. 3ರಿಂದ 6ರವರೆಗೆ ಮಧ್ಯಮ, ಅದರ ಮೇಲೆ ಜೋರು. ಸಂಶೋಧಕರು ಮಾಡಿದ 2011ರ ಪಟ್ಟಿಯಲ್ಲಿ ಚುರುಕು ನಡಿಗೆಗೆ 4.3 ಇದೆ. ಕ್ರಿಕೆಟ್ಟಿಗೆ 4.8. ಸುಮ್ನೆ ಮಜಾಕ್ಕೆ ಆಡುವ ಬ್ಯಾಡ್ಮಿಂಟನ್‌ಗೆ 5.5. ಕುಂಟಲಿಪಿಯಂಥ ಮಕ್ಕಳ ಆಟವನ್ನು ದೊಡ್ಡವರು ಆಡಿದರೆ 5.8. ಹಗ್ಗದಾಟ ಸಾಧಾರಣ ವೇಗದಲ್ಲಿ ಜಿಗಿದರೆ 10ಕ್ಕೂ ಮೇಲೆ. 60 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 130 ಕ್ಯಾಲರಿ ಖರ್ಚಾಗುತ್ತದೆ, ಅಷ್ಟೇ ಹೊತ್ತು ಕುಂಟಾಡಿದರೆ ಸುಮಾರು 175. (ಅದೇ 5.8ರ ಸಾಲಿನಲ್ಲಿ ಗೋಲಿಯಾಟವನ್ನೂ ಸೇರಿಸಿದ್ದಾರೆ. ಆ ಪಟ್ಟಿ ಮಾಡಿದವರು ಗೋಲಿ ಆಡಿದವರಲ್ಲ ಅಂತ ಕಾಣುತ್ತದೆ.)

ಮಾತು ನಿಲ್ಲುವ ಗೆರೆ

ಈಗ ಮಜಾದ ವಿಷಯಕ್ಕೆ ಬರೋಣ. ವ್ಯಾಯಾಮ ಹಿತವಾಗುವುದೋ ಹಿಂಸೆಯಾಗುವುದೋ ಎಂದು ತೀರ್ಮಾನಿಸುವ ಮೊದಲ ಅಂಶ ಅದರ ಜೋರು. ನಿಧಾನವಾಗಿ ಮೈ ಆಡಿಸುವಾಗ ಸ್ನಾಯುಗಳಿಗೆ ಬೇಕಾದ ಆಮ್ಲಜನಕ ಸರಾಗವಾಗಿ ಸಿಗುತ್ತಿರುತ್ತದೆ. ಜೋರು ಹೆಚ್ಚಿದಂತೆ ಒಂದು ಗೆರೆ ಬರುತ್ತದೆ. ಅದನ್ನು ದಾಟಿದರೆ ರಕ್ತದಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಏರುತ್ತದೆ, ಉಸಿರು ಇದ್ದಕ್ಕಿದ್ದಂತೆ ಬಿರುಸಾಗುತ್ತದೆ, ಕಾಲು ಭಾರವಾಗುತ್ತದೆ. ‘ನಿಲ್ಲಿಸು’ ಎಂದು ಮೈಯೇ ಹೇಳತೊಡಗುತ್ತದೆ.

ಪ್ಯಾಂಟೆಲೀಮನ್ ಎಕ್ಕೆಕಾಕಿಸ್ ಎಂಬ ಸಂಶೋಧಕರು ಬಹಳ ವರ್ಷ ಇದನ್ನೇ ಅಭ್ಯಾಸ ಮಾಡಿದ್ದಾರೆ. ಈ ಗೆರೆಯ ಕೆಳಗೆ ಇದ್ದಷ್ಟು ಹೊತ್ತು ಹೆಚ್ಚಿನ ಜನರಿಗೆ ಹಾಯೆನಿಸುತ್ತದೆ. ಗೆರೆಯ ಹತ್ತಿರ ಬಂದಾಗ ಕೆಲವರಿಗೆ ಹಿತ, ಕೆಲವರಿಗೆ ಅಹಿತ. ಗೆರೆ ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಬೇಸರವೇ. ನಿಲ್ಲಿಸಿದ ಕೂಡಲೇ ಮತ್ತೆ ಆರಾಮ ಅನ್ನಿಸುವುದು ನಿಜ. ಆದರೆ ನಾಳೆ ಮತ್ತೆ ಬರಬೇಕಾ ಎಂದು ಯೋಚಿಸುವಾಗ ಮನಸ್ಸಿಗೆ ನೆನಪಾಗುವುದು ಓಡುವಾಗಿನ ಸಂಕಟ.

ಇಲ್ಲೇ ಹೊಸಬರು ಸಿಕ್ಕಿಹಾಕಿಕೊಳ್ಳುವುದು. ದಿನಾ ಓಡುವವರ ಗೆರೆ ಎತ್ತರದಲ್ಲಿರುತ್ತದೆ. ವರ್ಷಗಟ್ಟಲೆ ಅಂಗಡಿಯ ಗಲ್ಲೆಯ ಮೇಲೋ ಆಫೀಸಿನ ಕುರ್ಚಿಯ ಮೇಲೋ ಕೂತವರ ಗೆರೆ ಎಷ್ಟು ಕೆಳಗಿರುತ್ತದೆ ಎಂದರೆ, ಬರೀ ಚುರುಕು ನಡಿಗೆಯೇ ಅದನ್ನು ದಾಟಿಸಬಹುದು. ಜನವರಿ 1ಕ್ಕೆ ಹೊಸ ಬೂಟು ಹಾಕಿಕೊಂಡು ಸ್ಟೇಡಿಯಂನಲ್ಲಿ ಮೊದಲ ದಿನವೇ ಸುತ್ತು ಹೊಡೆದವರು ನಾಲ್ಕನೇ ದಿನ ಕಾಣದಿರುವುದಕ್ಕೆ ಇದೇ ಕಾರಣ.

ಗೆರೆ ಎಲ್ಲಿದೆ ಎಂದು ತಿಳಿಯಲು ಮಷೀನು ಬೇಡ. ಆರಾಮಾಗಿ ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ ಎಂದರೆ ಅದು ಮಧ್ಯಮ ದಣಿವು. ಎರಡು ಮೂರು ಶಬ್ದಕ್ಕೆ ಉಸಿರು ಕಟ್ಟಿದರೆ ಜೋರಾಯಿತು. ಹಾಡೂ ಬರುತ್ತಿದ್ದರೆ ಇನ್ನೂ ಸ್ವಲ್ಪ ವೇಗ ಹೆಚ್ಚಿಸಬಹುದು. ಡಾಕ್ಟರುಗಳೂ ಕೋಚುಗಳೂ ಇದೇ ಪರೀಕ್ಷೆಯನ್ನು ಹೇಳಿಕೊಡುತ್ತಾರೆ.

ಈ ಪರೀಕ್ಷೆಯನ್ನೇ ಆಟ ಮಾಡಿಕೊಳ್ಳಬಹುದು. ಯಾದಗಿರಿಯಲ್ಲಿ ಊರ ನಡುವೆಯೇ ಕೋಟೆಯ ಬೆಟ್ಟ ಇದೆ. ನಾಲ್ಕೈದು ಜನ ಸೇರಿ ಹತ್ತುವಾಗ ಒಗಟು ಹೇಳುತ್ತಾ ಹೋಗಿ. ಒಗಟು ಹಾಕುವವರು ಗುಂಪಿನಲ್ಲೇ ನಿಧಾನವಾಗಿ ನಡೆಯುವವರಾಗಿರಲಿ. ಅವರ ಮಾತು ತುಂಡಾದರೆ ಎಲ್ಲರೂ ನಿಲ್ಲಬೇಕು, ಉತ್ತರ ಹೇಳಿದ ಮೇಲೆ ಹೊರಡಬೇಕು. ‘ಮುತ್ಯಾ, ಜಲ್ದಿ ಬರ್ರಿ’ ಎಂದು ಮೇಲಿನಿಂದ ಯಾರೂ ಕೂಗುವಂತಿಲ್ಲ, ಯಾಕೆಂದರೆ ಒಗಟು ಮುತ್ಯಾನ ಹತ್ತಿರವೇ ಇದೆ. ಇಳಿಯುವಾಗ ಅಂತ್ಯಾಕ್ಷರಿ ಹಾಡಬಹುದು, ಇಳಿಜಾರಿನಲ್ಲಿ ಉಸಿರಿಗೆ ಅಷ್ಟು ಹೊರೆ ಇರುವುದಿಲ್ಲ. ಕೋಟೆಯ ಮೆಟ್ಟಿಲು ಮಾತ್ರ ಒಂದೇ ಅಳತೆಯವಲ್ಲ. ಹಾಡಿನ ಗುಂಗಿನಲ್ಲಿ ಕಾಲು ಜಾರದಿರಲಿ.

ಕೊನೆಯ ಕೆಲವು ನಿಮಿಷ ಹೇಗಿರುತ್ತದೆ ಎನ್ನುವುದೂ ಮುಖ್ಯ. ಎಕ್ಕೆಕಾಕಿಸ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರಿಗೆ ಸೈಕಲ್ ತುಳಿಯಲು ಹೇಳಿದರು. ಒಂದು ಗುಂಪಿಗೆ ಸುಲಭದಿಂದ ಶುರುವಾಗಿ ಕಷ್ಟವಾಗುತ್ತಾ ಹೋಯಿತು. ಇನ್ನೊಂದಕ್ಕೆ ಕಷ್ಟದಿಂದ ಶುರುವಾಗಿ ಸುಲಭವಾಗುತ್ತಾ ಬಂತು. ಎರಡನೇ ಗುಂಪಿನವರಿಗೆ ಆಮೇಲೆ ನೆನೆಸಿಕೊಂಡಾಗಲೂ ಅದು ಹೆಚ್ಚು ಹಿತವಾಗಿ ಕಂಡಿತು. ಮುಂದಿನ ಸಲವೂ ಚೆನ್ನಾಗಿರುತ್ತದೆ ಎಂದೂ ಅವರಿಗೆ ಅನ್ನಿಸಿತು. ಆದ್ದರಿಂದ ಮೈ ಬಿಸಿಯಾದ ಮೇಲೆ ಕಷ್ಟದ ಭಾಗವನ್ನು ಮೊದಲೇ ಮುಗಿಸಿಬಿಡಿ. ಕೊನೆಗೆ ನಗುತ್ತಾ ಆಡುವಂಥದ್ದು ಇರಲಿ. ನಮ್ಮಲ್ಲಿ ಪಿ.ಟಿ. ಪೀರಿಯಡ್ಡುಗಳು ಇದರ ಉಲ್ಟಾ. ಕೊನೆಗೆ ‘ಎಲ್ಲರೂ ಒಂದು ರೌಂಡ್ ಓಡಿ’ ಅನ್ನುತ್ತಾರೆ.

ಆಟದ ಒಳಗೆ ಏನಿದೆ

ಖೋಖೋ ಆಡಿದವರಿಗೆ ನಿಯಮ ಗೊತ್ತು. ಬೆನ್ನಟ್ಟುವ ತಂಡದ 8 ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ, ಮುಂದಿನವರು ಆ ಕಡೆ ಮುಖ. ಒಂಬತ್ತನೆಯವರು ಓಡಿ ಮುಟ್ಟಬೇಕು. ಅವರು ನಡುಗೆರೆ ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ತಪ್ಪಿಸಿಕೊಳ್ಳುವವರಿಗೆ ಆ ಕಟ್ಟು ಇಲ್ಲ, ಅವರು ಎಲ್ಲಿ ಬೇಕಾದರೂ ನುಸುಳಬಹುದು. ಹಾಗಾಗಿ ಬೆನ್ನಟ್ಟುವವರು ಪಕ್ಕದವರ ಬೆನ್ನು ಮುಟ್ಟಿ ‘ಖೋ’ ಕೊಡಲೇಬೇಕು.

ಇದನ್ನು ಮೈಯ ಕಡೆಯಿಂದ ನೋಡಿ. ಕುಕ್ಕರಗಾಲಲ್ಲಿ ಕೂತವರು ಚಂಗನೆ ಎದ್ದು ಕೆಲವು ಸೆಕೆಂಡು ಜೋರಾಗಿ ಓಡುತ್ತಾರೆ. ಖೋ ಕೊಟ್ಟು ಮತ್ತೆ ಕೂರುತ್ತಾರೆ, ಉಸಿರು ತಹಬಂದಿಗೆ ಬರುತ್ತದೆ. ಮತ್ತೆ ಸರದಿ. ಇವತ್ತು ದುಡ್ಡು ಕೊಟ್ಟು ಕಲಿಯುವ ಇಂಟರ್ವಲ್ ಟ್ರೈನಿಂಗ್ ಕೂಡ ಇದೇ: ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ವಿಶ್ರಾಂತಿ. ಆ ಏಳುವುದು ಕೂರುವುದಂತೂ ಬಸ್ಕಿಯೇ. ಆದರೆ ಎಷ್ಟು ಆಯಿತು ಎಂದು ಯಾರೂ ಎಣಿಸುವುದಿಲ್ಲ. ಗಮನವೆಲ್ಲ ಎದುರಿನವರ ಕಾಲ ಮೇಲೆ ಇರುತ್ತದೆ.

ನನಗೆ ಖೋಖೋದಲ್ಲಿ ಜಾಸ್ತಿ ಇಷ್ಟವಾಗುವುದು ಇನ್ನೊಂದು ವಿಷಯ. ಓಟದ ಪಂದ್ಯದಲ್ಲಿ ನಿಧಾನದವರು ಕೊನೆಗೆ ಒಬ್ಬರೇ ಉಳಿಯುತ್ತಾರೆ, ಎಲ್ಲರೂ ನೋಡುತ್ತಾರೆ. ಖೋಖೋದಲ್ಲಿ ಬೆನ್ನಟ್ಟುವಾಗ ದಣಿದವರು ಖೋ ಕೊಟ್ಟು ಕೂತರೆ ಮುಗಿಯಿತು. ಅವರು ಸರಿಯಾದ ಹೊತ್ತಿಗೆ ಖೋ ಕೊಟ್ಟದ್ದೇ ತಂಡಕ್ಕೆ ಲಾಭ. ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಮೈಯವರು ಒಟ್ಟಿಗೆ ಆಡಲು ಇಂಥ ನಿಯಮ ಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಅದಾದ ಮೇಲಾದರೂ ಇದನ್ನು ಶಾಲೆಯ ಗೇಟಿನ ಹೊರಗೆ ತರಬಹುದಿತ್ತು. ನಮ್ಮ ಮೈದಾನಗಳಲ್ಲಿ ಇನ್ನೂ ಕ್ರಿಕೆಟ್ಟಿನದೇ ರಾಜ್ಯ.

ಕ್ರಿಕೆಟ್ ಬೇಡ ಅನ್ನುತ್ತಿಲ್ಲ. ಆದರೆ ಓಣಿ ಕ್ರಿಕೆಟ್ಟಿನಲ್ಲಿ ಇಬ್ಬರು ಆಡುತ್ತಾರೆ, ಎಂಟು ಜನ ನಿಂತು ಹರಟುತ್ತಾರೆ. ನಿಯಮ ಸ್ವಲ್ಪ ತಿರುಚಿದರೆ ಸಾಕು. ಬ್ಯಾಟಿಗೆ ಚೆಂಡು ತಾಗಿದರೆ ಓಡಲೇಬೇಕು. ಪಕ್ಕದಲ್ಲಿ ಇಟ್ಟ ಚಪ್ಪಲಿಯನ್ನು ಸುತ್ತಿ ವಾಪಸ್ ಬಂದರೆ ಒಂದು ರನ್. ಬೌಲರ್ ಕಾಯುವ ಹಾಗಿಲ್ಲ. ಚೆಂಡು ಕೈಗೆ ಬಂದ ಕೂಡಲೇ, ಬ್ಯಾಟ್ಸ್‌ಮನ್ ಇರಲಿ ಬಿಡಲಿ, ವಿಕೆಟ್ಟಿಗೆ ಎಸೆಯಬಹುದು. ಔಟಾದರೆ ಮುಂದಿನವರು ಓಡಿ ಬಂದು ಬ್ಯಾಟು ಹಿಡಿಯಬೇಕು. ಹೀಗೆ ಆಡಿದರೆ ಹತ್ತು ನಿಮಿಷದಲ್ಲಿ ಎಲ್ಲರ ಅಂಗಿ ಬೆವರುತ್ತದೆ. ಸಿಕ್ಸರಿಗೆ ರನ್ನೇ ಇಲ್ಲ ಎಂದು ಮಾಡಿದರೆ ಪಕ್ಕದ ಮನೆಯ ಕಿಟಕಿಯ ಗಾಜೂ ಉಳಿಯುತ್ತದೆ.

ಲಗೋರಿಯಲ್ಲಿ ಎಸೆತ, ಬಾಗುವುದು, ತಪ್ಪಿಸಿಕೊಳ್ಳುವುದು, ಓಡುವುದು ಎಲ್ಲವೂ ಇದೆ. ದೊಡ್ಡವರು ಹಿಂಜರಿಯುವುದು ಎರಡು ಕಾರಣಕ್ಕೆ: ಚೆಂಡಿನ ಪೆಟ್ಟು, ಸೊಂಟ ನೋವು. ಹಳೇ ಬಟ್ಟೆ ಸುತ್ತಿ ಚೆಂಡು ಮಾಡಿದರೆ ಪೆಟ್ಟು ಬೀಳುವುದಿಲ್ಲ. ಏಳು ಕಲ್ಲನ್ನು ನೆಲದ ಮೇಲೆ ಪೇರಿಸುವ ಬದಲು ಕಟ್ಟೆಯ ಮೇಲೆ ಪೇರಿಸಿದರೆ ಸೊಂಟ ಬಗ್ಗದವರೂ ಆಡುತ್ತಾರೆ. ಗಿಡಮಂಗನ ಆಟವನ್ನು ಮಾತ್ರ ಮಕ್ಕಳಿಗೇ ಬಿಡಿ. ನಲವತ್ತರ ಮೇಲೆ ಬೇವಿನ ಗಿಡದಿಂದ ಬಿದ್ದರೆ ಮೂಳೆ ಕೂಡಲು ತಿಂಗಳುಗಳು ಬೇಕು.

ಈ ಎಲ್ಲ ತಿದ್ದುಪಡಿಗಳ ಹಿಂದೆ ಒಂದೇ ಲೆಕ್ಕ ಇದೆ. ಆಟ ತೀರಾ ಸುಲಭವಾದರೆ ಬೋರು, ತೀರಾ ಕಷ್ಟವಾದರೆ ಭಯ. ಗೆಲ್ಲಬಹುದು, ಆದರೆ ಖಾತ್ರಿ ಇಲ್ಲ ಅನ್ನುವ ಹದದಲ್ಲಿ ಇದ್ದಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬಲವಾದ ತಂಡ ಎಡಗೈಯಲ್ಲಿ ಎಸೆಯಲಿ, ಚಿಕ್ಕವರಿಗೆ ಒಂದು ಅವಕಾಶ ಹೆಚ್ಚು ಇರಲಿ. ಮಕ್ಕಳು ಇದನ್ನು ತಾವಾಗಿಯೇ ಮಾಡುತ್ತಾರೆ.

ಚಾಕಲೇಟು, ಮೊಬೈಲು, ಪಂಚಮಿ

ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1971ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರಿಗೆ ತುಂಡು ಜೋಡಿಸುವ ಒಂದು ಪಜಲ್ ಕೊಟ್ಟರು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು, ಕೆಲವರಿಗೆ ಇಲ್ಲ. ಆಮೇಲೆ ದುಡ್ಡು ನಿಲ್ಲಿಸಿದಾಗ, ದುಡ್ಡು ಪಡೆದವರು ಬಿಡುವಿನ ಹೊತ್ತಿನಲ್ಲಿ ಪಜಲ್ ಮುಟ್ಟಿದ್ದು ಕಡಿಮೆ. ಮೊದಲು ಖುಷಿಗೆ ಆಡುತ್ತಿದ್ದುದು ಅವರಿಗೆ ಕೂಲಿಯ ಕೆಲಸದಂತೆ ಆಗಿಬಿಟ್ಟಿತ್ತು. ಡೆಸಿ ಮತ್ತು ರಿಚರ್ಡ್ ರಯಾನ್ ಇದನ್ನು ಮುಂದೆ ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಮನುಷ್ಯ ಒಂದು ಕೆಲಸಕ್ಕೆ ಮನಸ್ಸಿಟ್ಟು ಅಂಟಿಕೊಳ್ಳಬೇಕಾದರೆ ಅದು ತನ್ನ ಆಯ್ಕೆ ಅನ್ನಿಸಬೇಕು, ತನ್ನಿಂದ ಆಗುತ್ತದೆ ಅನ್ನಿಸಬೇಕು, ಜೊತೆಗೆ ತನ್ನವರು ಇದ್ದಾರೆ ಅನ್ನಿಸಬೇಕು ಎನ್ನುತ್ತದೆ ಅದು. ಶಾಲೆಯ ಬಸ್ಕಿಯಲ್ಲಿ ಈ ಮೂರೂ ಇಲ್ಲ. ಗರಡಿಯ ಬೈಠಕ್‌ನಲ್ಲಿ ಮೂರೂ ಇವೆ. ಹಾಗಾಗಿ ಮಗು ಓಡಿದ್ದಕ್ಕೆ ಚಾಕಲೇಟು ಕೊಡುವ ಮೊದಲು ಸ್ವಲ್ಪ ಯೋಚಿಸಿ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ‘ಹೆಂಗಸರಿಗೆ ಮನೆಕೆಲಸವೇ ವ್ಯಾಯಾಮ’ ಎಂದು ನಮ್ಮ ಕಡೆ ಬಹಳ ಜನ ಹೇಳುತ್ತಾರೆ. ರೊಟ್ಟಿ ಬಡಿಯುವುದು, ನೀರು ಹೊರುವುದು, ನೆಲ ಒರೆಸುವುದು ಮೈಯ ಲೆಕ್ಕಕ್ಕೆ ಸೇರುತ್ತವೆ, ಸುಳ್ಳಲ್ಲ. ಆದರೆ ಅದರಲ್ಲಿ ಆಯ್ಕೆ ಎಲ್ಲಿದೆ? ಆ ಮಾತನ್ನು ಹೆಚ್ಚಾಗಿ ಹೇಳುವುದು ಹೆಂಗಸರು ಸಂಜೆ ಒಂದು ಗಂಟೆ ಹೊರಗೆ ಹೋಗದಿರಲಿ ಎಂದು. ನನಗಂತೂ ಅದು ಆರೋಗ್ಯದ ಸಲಹೆಯಾಗಿ ಕೇಳಿಸುವುದಿಲ್ಲ.

ಮೊಬೈಲಿನ ಆಟಗಳಿಂದ ಜನ ನಡೆಯುತ್ತಾರಾ? 2016ರಲ್ಲಿ ಪೋಕೆಮಾನ್ ಗೋ ಬಂದಾಗ ಇದನ್ನು ಅಳೆಯುವ ಅವಕಾಶ ಸಿಕ್ಕಿತು. ಬೀದಿ ಬೀದಿ ನಡೆದು ಬೊಂಬೆ ಪ್ರಾಣಿಗಳನ್ನು ಹಿಡಿಯುವ ಆಟ ಅದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಮೊದಲ ವಾರ ಆಟಗಾರರು ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು ನಡೆದರು. ಆರನೇ ವಾರಕ್ಕೆ ಎಲ್ಲ ಮೊದಲಿನಂತೆಯೇ. ಹೊಸತನದ ಮಜಾಕ್ಕೆ ಆಯಸ್ಸು ಕಡಿಮೆ. ಯಾವ ಆಟವಾದರೂ ಅಷ್ಟೇ, ಮೊಬೈಲಿನದ್ದೇ ತಪ್ಪಲ್ಲ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಪಂಚಾಂಗವೇ ಪರಿಹಾರ ಕೊಡುತ್ತಿತ್ತು. ಶ್ರಾವಣದಲ್ಲಿ ನಾಗರ ಪಂಚಮಿ ಬಂದರೆ ಗಿಡಕ್ಕೆ ಜೋಕಾಲಿ ಕಟ್ಟುತ್ತಾರೆ. ಇಷ್ಟು ಎಸೆತದಲ್ಲಿ ಇಂಥ ಕಟ್ಟೆ ಮುಟ್ಟಿಸಬೇಕು ಎಂದು ಪಣ ಕಟ್ಟಿ ನಿಂಬೆಹಣ್ಣು ಎಸೆಯುತ್ತಾರೆ. ಕಲ್ಲಿನ ಗುಂಡು ಎತ್ತುತ್ತಾರೆ, ಜೋಳದ ಚೀಲ ಎತ್ತುತ್ತಾರೆ. ಹೆಣ್ಣುಮಕ್ಕಳು ಕೈ ಕೈ ಹಿಡಿದು ಫುಗಡಿ ತಿರುಗುತ್ತಾರೆ. ದಸರೆಗೆ ಕೋಲಾಟ. ಜಾತ್ರೆ ಬಂದರೆ ಕುಸ್ತಿ. ಹೋಳಿ ಬಂದರೆ ತಾಂಡಾಗಳಲ್ಲಿ ಕುಣಿತ. ಒಂದು ಆಟ ಹಳತಾಗಿ ಬೇಸರ ಬರುವ ಹೊತ್ತಿಗೆ ಇನ್ನೊಂದು ಬರುತ್ತಿತ್ತು. ಇದನ್ನು ಊರಿನ ಓಣಿಯಲ್ಲೂ ಮಾಡಬಹುದು. ಎರಡು ತಿಂಗಳು ಬ್ಯಾಡ್ಮಿಂಟನ್, ಎರಡು ತಿಂಗಳು ಲಗೋರಿ, ಆಮೇಲೆ ಕೋಲಾಟ. ‘ವರ್ಷಪೂರ್ತಿ ದಿನಾ ವಾಕಿಂಗ್’ ಅನ್ನುವ ಪ್ರತಿಜ್ಞೆಗಿಂತ ಇದು ಹೆಚ್ಚು ಬಾಳುತ್ತದೆ ಎಂಬುದು ನನ್ನ ಲೆಕ್ಕ.

ಕುಣಿತದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ತಂಡದವರ ಮೇಲೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹುಟ್ಟು ಹಾಕುವ ಮಷೀನಿನ ಮೇಲೆ ಒಬ್ಬೊಬ್ಬರೇ ಅಭ್ಯಾಸ ಮಾಡಿದಾಗಲೂ ಅವರ ನೋವು ತಡೆಯುವ ಶಕ್ತಿ ಹೆಚ್ಚಿತು. ಅಷ್ಟೇ ಕೆಲಸವನ್ನು ಎಲ್ಲರೂ ಒಂದೇ ಲಯದಲ್ಲಿ ಮಾಡಿದಾಗ ಇನ್ನೂ ಹೆಚ್ಚಿತು. ಮಿದುಳಿನಲ್ಲಿ ನೋವು ಮರೆಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಹೆಚ್ಚು ಬಿಡುಗಡೆಯಾಗುವುದೇ ಇದಕ್ಕೆ ಕಾರಣ ಇರಬೇಕು ಎಂದು ಸಂಶೋಧಕರು ಹೇಳಿದರು. ನಮ್ಮ ಭಾಗದಲ್ಲಿ ಮೊಹರಂ ಹೊತ್ತಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ, ಜಾತಿ ಧರ್ಮ ನೋಡದೆ, ಹಲಗೆಯ ಬಡಿತಕ್ಕೆ ರಾತ್ರಿಯಿಡೀ ಹೆಜ್ಜೆ ಹಾಕುವವರನ್ನು ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಅದು ಭಕ್ತಿ, ವ್ಯಾಯಾಮಕ್ಕೆ ಮಾಡುವುದಲ್ಲ. ಆದರೆ ಒಬ್ಬರೇ ಇದ್ದರೆ ಅರ್ಧ ಗಂಟೆಗೆ ಸೋಲುವ ಕಾಲು ಅಲ್ಲಿ ಯಾಕೆ ಸೋಲುವುದಿಲ್ಲ ಎಂಬುದಕ್ಕೆ ಈ ಅಧ್ಯಯನ ಸ್ವಲ್ಪ ಉತ್ತರ ಕೊಡುತ್ತದೆ. ಕೋಲಾಟಕ್ಕೂ ಇದೇ ಗುಣ ಇದೆ. ಎರಡು ಕೋಲು, ಒಂದು ಹಾಡು, ಎಂಟು ಜನ ಸಿಕ್ಕರೆ ಮನೆಯ ಮಾಳಿಗೆಯೇ ಸಾಕು.

ಮಾಳಿಗೆ, ಕೋಟೆ, ಬಿಸಿಲು

ಮಾಳಿಗೆಯ ಮಾತು ಬಂತು. ಹೆಂಗಸರು ಓಣಿಯಲ್ಲಿ ಕುಂಟಾಡಿದರೆ ನೋಡುವ ಕಣ್ಣು ಜಾಸ್ತಿ. ಮೈದಾನವೆಲ್ಲ ಹುಡುಗರದು. ಇದು ಬದಲಾಗಬೇಕು ನಿಜ, ಆದರೆ ಬದಲಾಗುವವರೆಗೆ ಕಾಯುತ್ತಾ ಕೂರುವುದು ಯಾಕೆ? ನಮ್ಮ ಮನೆಗಳ ಅಂಗಳಕ್ಕೆ, ಪಡಸಾಲೆಗೆ ಶಹಾಬಾದಿ ಪರಸಿ ಹಾಸಿರುತ್ತಾರೆ. ಚೌಕ ಚೌಕವಾದ ಆ ಕಲ್ಲುಗಳೇ ಕುಂಟಲಿಪಿಯ ಮನೆಗಳು, ಗೆರೆ ಎಳೆಯುವ ಕೆಲಸವೂ ಇಲ್ಲ. ಆಯಿ ಕುಂಟುವುದು ಬೇಡ. ಗೋಡೆಗೆ ಒಂದು ಕೈ ಕೊಟ್ಟು, ಒಂದೊಂದು ಪರಸಿಯ ಮೇಲೆ ಒಂಟಿ ಕಾಲಲ್ಲಿ ಐದು ಎಣಿಸುವವರೆಗೆ ನಿಂತರೆ ಸಾಕು. ಮೊಮ್ಮಗಳು ಮುಂದೆ ಕುಂಟುತ್ತಾ ಹೋಗಲಿ, ಆಯಿ ಹಿಂದೆ ನಿಲ್ಲುತ್ತಾ ಬರಲಿ. ವಯಸ್ಸಾದವರು ಬೀಳದಂತೆ ತಡೆಯುವುದು ಇಂಥ ಅಭ್ಯಾಸವೇ. ಪರಸಿ ಒದ್ದೆಯಾಗಿದ್ದರೆ ಮಾತ್ರ ಬೇಡವೇ ಬೇಡ, ವಿಪರೀತ ಜಾರುತ್ತದೆ.

ಆಟಗಳಲ್ಲಿ ಕಾಲು, ಎದೆಗುಂಡಿಗೆ ಎರಡಕ್ಕೂ ಕೆಲಸ ಸಿಗುತ್ತದೆ. ತೋಳು, ಭುಜ, ಬೆನ್ನಿಗೆ ಅಷ್ಟಾಗಿ ಸಿಗುವುದಿಲ್ಲ. ಆ ಕೊರತೆ ತುಂಬಲು ಗರಡಿಯ ದಂಡ, ಅಂದರೆ ನೆಲಕ್ಕೆ ಕೈ ಊರಿ ಮೈ ಇಳಿಸಿ ಎತ್ತುವುದು, ಬೇಕು. ಒಂದು ಇಸ್ಪೀಟ್ ಕಟ್ಟು ತನ್ನಿ. ಕೆಂಪು ಎಲೆ ಬಂದರೆ ಬೈಠಕ್, ಕರಿ ಎಲೆ ಬಂದರೆ ದಂಡ. ಎಲೆಯ ಮೇಲೆ ಎಷ್ಟು ಇದೆಯೋ ಅಷ್ಟು. ರಾಜ ರಾಣಿ ಬಂದರೆ ಪಕ್ಕದವರು ಹೇಳಿದ್ದು. ನೆಲದ ಮೇಲೆ ದಂಡ ಹೊಡೆಯಲು ಆಗದವರು ಗೋಡೆಗೆ ಕೈ ಕೊಟ್ಟು ಹೊಡೆಯಲಿ, ಆಮೇಲೆ ಕಟ್ಟೆಗೆ ಇಳಿಯಲಿ, ಆಮೇಲೆ ನೆಲಕ್ಕೆ. ಮುಂದಿನ ಎಲೆ ಯಾವುದು ಎಂಬ ಕುತೂಹಲ ಇರುವುದರಿಂದ ‘ಇನ್ನೂ ಇಪ್ಪತ್ತು ಉಳಿದಿದೆ’ ಅನ್ನುವ ಬೇಸರ ಹುಟ್ಟುವುದಿಲ್ಲ. ಜಾತ್ರೆಯ ಗುಂಡು ಎತ್ತುವುದನ್ನು ಮಾತ್ರ ಅಭ್ಯಾಸ ಇಲ್ಲದೆ ಪಣಕ್ಕೆ ಬಿದ್ದು ಮಾಡಬೇಡಿ. ಬೆನ್ನು ಒಮ್ಮೆ ಹಿಡಿದುಕೊಂಡರೆ ಎಲ್ಲ ಆಟವೂ ನಿಲ್ಲುತ್ತದೆ.

ಬೀದರಿನವರ ಅದೃಷ್ಟ ಬೇರೆ. ಊರು ಎತ್ತರದ ಪ್ರಸ್ಥಭೂಮಿಯ ಮೇಲಿದೆ, ಕಲಬುರಗಿಗಿಂತ ಗಾಳಿ ತಂಪು. ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮರ್ 1930ರ ದಶಕದಲ್ಲಿ ತನ್ನ ಓಟಗಾರರಿಗೆ ಒಂದು ವಿಧಾನ ಕಲಿಸಿದ್ದರು, ಅದಕ್ಕೆ ಫಾರ್ಟ್‌ಲೆಕ್ ಎನ್ನುತ್ತಾರೆ. ಗಡಿಯಾರ ನೋಡದೆ ಕಾಡಿನಲ್ಲಿ ಓಡುವುದು, ಆ ಮರದವರೆಗೆ ಜೋರು, ಈ ಬಂಡೆಯವರೆಗೆ ನಿಧಾನ, ಮನಸ್ಸಿಗೆ ಬಂದ ಹಾಗೆ. ಬೀದರ್ ಕೋಟೆಯೊಳಗಿನ ದಾರಿಗಳಲ್ಲಿ ಇದನ್ನೇ ನಡಿಗೆಯಲ್ಲಿ ಮಾಡಬಹುದು. ಶರ್ಜಾ ದರ್ವಾಜೆಯ ಮೇಲೆ ಕೆತ್ತಿದ ಎರಡು ಹುಲಿಗಳನ್ನು ಮೊದಲು ಕಂಡುಹಿಡಿದವರು ಮುಂದಿನ ಗುರಿ ಹೇಳಬೇಕು. ಸೋಲಾ ಕಂಬ ಮಸೀದಿಯವರೆಗೆ ಚುರುಕು, ಅಲ್ಲಿಂದ ತಖ್ತ್ ಮಹಲಿನವರೆಗೆ ಆರಾಮು, ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ ನೋಡಲು ಮತ್ತೆ ಚುರುಕು. ಮಕ್ಕಳಿದ್ದರೆ ಇತಿಹಾಸದ ಪಾಠವೂ ಆಗುತ್ತದೆ. ಚೆಂಡಿನ ಆಟ ಮಾತ್ರ ಸ್ಮಾರಕದ ಒಳಗೆ ಬೇಡ. ಕಲಬುರಗಿಯಲ್ಲಾದರೆ ಅಪ್ಪನ ಕೆರೆಯ ದಂಡೆ, ಪಬ್ಲಿಕ್ ಗಾರ್ಡನ್ ಇವೆ. ದಂಡೆಯ ಮೇಲೆ ಎದುರು ಬರುವವರು ಹಾಕಿದ ಶಾಲು, ಟೊಪ್ಪಿಗೆಯ ಬಣ್ಣ ಹಿಡಿದು ವೇಗ ಬದಲಿಸಬಹುದು. ಕೆಂಪು ಕಂಡರೆ ಚುರುಕು, ಬಿಳಿ ಕಂಡರೆ ನಿಧಾನ.

ಬಿಸಿಲಿನ ವಿಷಯದಲ್ಲಿ ತಮಾಷೆ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಪಾರಾ 40 ಡಿಗ್ರಿ ದಾಟುವುದು ಮಾಮೂಲು. ಆ ದಿನಗಳಲ್ಲಿ ಆಟ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಸಂಜೆ ಆರಕ್ಕೂ ಪರಸಿ, ಡಾಂಬರು ಕಾದೇ ಇರುತ್ತವೆ, ಬರಿಗಾಲು ಬೇಡ. ಮೈ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ, ಆದ್ದರಿಂದ ಬೇಸಿಗೆ ಶುರುವಾದಾಗ ಆಟದ ಹೊತ್ತನ್ನು ಅರ್ಧಕ್ಕೆ ಇಳಿಸಿ. ಆಡುವ ಮೊದಲು ನೀರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಇಲ್ಲವೇ ನಿಂಬೆ ಪಾನಕ. ಬಿ.ಪಿ. ಇದ್ದವರು ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಲಿ. ಆಡುತ್ತಿದ್ದವರು ತಲೆ ಸುತ್ತು, ವಾಂತಿ ಅಂದರೆ ಕೂಡಲೇ ನೆರಳಿಗೆ ಕೂರಿಸಿ. ಮಾತು ತೊದಲಿದರೆ, ಗೊಂದಲವಾಗಿ ಏನೇನೋ ಹೇಳಿದರೆ, ಅದು ಬಿಸಿಲ ಹೊಡೆತ ಇರಬಹುದು. ಬೆವರುತ್ತಿದ್ದಾರೆ ಎಂದು ಸುಮ್ಮನಾಗಬೇಡಿ, ಆಡುವಾಗ ಬರುವ ಬಿಸಿಲ ಹೊಡೆತದಲ್ಲಿ ಬೆವರು ನಿಲ್ಲದೆಯೂ ಇರಬಹುದು. ಮೈಮೇಲೆ ತಣ್ಣೀರು ಸುರಿಯುತ್ತಾ, ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಎದೆ ನೋವು ಬರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಮೊಣಕಾಲು ಸವೆದವರು ಜಿಗಿಯುವ ಆಟಕ್ಕೆ ಇಳಿಯುವ ಮೊದಲು ಡಾಕ್ಟರನ್ನು ಕೇಳಿಯೇ ಇಳಿಯಲಿ.

ಮಳೆಗಾಲದ ತೊಂದರೆ ಬೇರೆ. ಬೀದರಿನ ಕೆಂಪು ನೆಲ ಬೇಗ ನೀರು ಇಂಗಿಸಿಕೊಳ್ಳುತ್ತದೆ, ಮಳೆ ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಆಡಬಹುದು. ಕಲಬುರಗಿ, ಯಾದಗಿರಿಯ ಎರೆ ನೆಲದಲ್ಲಿ ಹಾಗಲ್ಲ. ಒಂದು ಮಳೆಗೆ ಕೆಸರು ಚಪ್ಪಲಿಗೆ ಅಂಟಿಕೊಂಡು ಹೆಜ್ಜೆ ಎತ್ತುವುದೇ ಕಷ್ಟ. ಆ ವಾರಗಳಿಗೆ ಹಗ್ಗದಾಟ, ಇಸ್ಪೀಟ್ ಕಟ್ಟು, ಪಡಸಾಲೆಯ ಕೋಲಾಟ ಇರಲಿ. ಪಂಚಮಿಯೂ ಆಗಲೇ ಬರುತ್ತದೆ. ಜೋಕಾಲಿ ಕಟ್ಟುವ ಟೊಂಗೆ ಗಟ್ಟಿ ಇದೆಯಾ ಎಂದು ಮೊದಲೇ ಹಗ್ಗ ಹಾಕಿ ಜಗ್ಗಿ ನೋಡಿ.